ನಡುವಿನ ಫೋಟೋ ಎಲ್ಲೈತಿ?

1/9

ದೋಸ್ತರೆ, ಮೊದಲನೇ ಫೋಟೋ ನಿಮಗೆಲ್ಲ ಗೊತ್ತಿರೋದೇ. ನಮ್ಮ ಕಾಕಾನ ಪ್ರೀಮಿಯರ್ ಪದ್ಮಿನಿ, ಅಕ್ಕನ ಲಗ್ನದ ಹಿಂದಿನ ದಿನ, ಮನಿ ಮುಂದಿನ ಬೇವಿನ ಗಿಡದ ಕೆಳಗ. ನಾಲ್ಕೂ ಗಾಲಿ ಬೆಳ್ಳಿ ಬಟ್ಟಲದಂಗ ಹೊಳಿಯಾಕತ್ತಾವ. ಆ ರೀಲಿಗೆ ಬಂದಷ್ಟು ಲೈಕು ನನಗ ಹಿಂದೂ ಬಂದಿಲ್ಲ, ಮುಂದೂ ಬಂದಿಲ್ಲ. "ಶೋರೂಮ್ ಗಾಡಿ ಮಾಡಿದಿ ಬಿಡೋ" ಅಂತ ಬರದವರೊಳಗ ಅರ್ಧ ಮಂದಿ ಈಗ ಇದನ್ನ ಓದಾಕತ್ತೀರಿ.

ಈಗ ಎರಡನೇ ಫೋಟೋಕ್ಕ ಬರ್ರಿ. ಅದೇ ಗಾಡಿ, ಅದೇ ಗಾಲಿ, ಎರಡು ತಿಂಗಳ ಮ್ಯಾಲ. ಬೋಲ್ಟಿನ ಎರಡು ತೂತುಗಳ ನಡುವ ಒಂದು ಗೆರಿ ಕಾಣತೈತಲ್ಲ, ಅದು ಕೂದಲಲ್ಲ, ಫೋನಿನ ಗಾಜಿನ ಮ್ಯಾಲಿನ ಗೀರಲ್ಲ. ಕಬ್ಬಿಣ ಸೀಳಿದ್ದು.

ಮುಗಳಖೋಡದಿಂದ ಊರಿಗೆ ಬರಾಕತ್ತಿದ್ವಿ. ಮುಂದ ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರು, ಅದರ ಹಿಂದ ನಾವು, ಎತ್ತಿನ ಗಾಡಿ ಸ್ಪೀಡಿನೊಳಗ. ಬಲಗಡೆ ಮುಂದಿನ ಗಾಲಿಯಿಂದ ಟಿಕ್, ಟಿಕ್, ಟಿಕ್. ವೀಲ್ ಕಪ್ಪಿನೊಳಗ ಹಳ್ಳು ಸಿಕ್ಕಿರಬೇಕು ಅಂದೆ ನಾನು. ಕಾಕಾ ಗಾಡಿ ಬಾಜೂಕ ಹಚ್ಚಿ ಕಪ್ಪು ತೆಗೆದ. ಹಳ್ಳು ಇರಲಿಲ್ಲ. ಹಿಂದಿನ ಸೀಟಿನಾಗ ಆಯಿ ಕುಂತಿದ್ಲು, ಅಕ್ಕನ ನಾದಿನಿಯ ಕೂಸು ಆಕಿ ತೊಡಿ ಮ್ಯಾಲ ಮಲಗಿತ್ತು. ಆ ಟ್ರ್ಯಾಕ್ಟರ್ ಮುಂದ ಇರದಿದ್ರ ಕಾಕಾ ಎಪ್ಪತ್ತರ ಮ್ಯಾಲ ಓಡಸ್ತಿದ್ದ, ಅದು ನನಗ ಗೊತ್ತೈತಿ.

ಆ ಜಾಗಾಕ್ಕ ಪುಟ್ಟಿ ತುಂಬಿ, ಪಾಲಿಶ್ ಪೇಪರ್ ಹೊಡದು, ಮ್ಯಾಲ ಸಿಲ್ವರ್ ಸ್ಪ್ರೇ ಮಾಡಿದಾವ ನಾನೇ. ಪುಟ್ಟಿ ಒತ್ತುವಾಗ ಅಲ್ಲೊಂದು ಸಣ್ಣ ಗೆರಿ ಇದ್ದದ್ದು ಕಂಡಿತ್ತು. "ಹಳೇ ಗೀರು" ಅಂದುಕೊಂಡು ಮುಚ್ಚಿದೆ.

2/9

ಅದಕ್ಕೇ ಈ ಸರಣಿ. ಬೈಯೋದೈತಿ, ಮೊದಲು ನನ್ನ, ಆಮೇಲೆ ನಿಮ್ಮನ್ನೂ.

ನೀವು ನೋಡುವ ರೆಸ್ಟೋರೇಶನ್ ರೀಲುಗಳನ್ನು ಒಂದ್ಸಲ ನೆನಪು ಮಾಡಿಕೊಳ್ರಿ. ಮೊದಲ ಮೂರು ಸೆಕೆಂಡು ಜಂಗು ಹಿಡಿದ ರಿಮ್ಮು. ಆಮೇಲೆ ಕೈ ಅಡ್ಡ ಬರತೈತಿ, ಮ್ಯೂಸಿಕ್ ಧಡ್ ಅಂತೈತಿ, ಕೈ ಸರೀತೈತಿ, ಥಳಥಳ ಹೊಳಿಯೋ ರಿಮ್ಮು. ಇದಕ್ಕ ಬಿಫೋರ್-ಆಫ್ಟರ್ ಅಂತಾರ. ನಾನು ಕೇಳೋದು ಒಂದೇ ಮಾತು: ನಡುವಿನ ಫೋಟೋ ಎಲ್ಲೈತಿ? ಬಣ್ಣ ಪೂರಾ ತೆಗೆದು, ಬೋಳು ಕಬ್ಬಿಣ ಇಟ್ಟುಕೊಂಡು, ತೂತುಗಳ ಸುತ್ತ ಹತ್ತರದಿಂದ ತೆಗೆದ ಫೋಟೋ?

ಅದು ಇರೋದಿಲ್ಲ. ಯಾಕಂದ್ರ ಬೋಳು ಕಬ್ಬಿಣ ಚಂದ ಕಾಣೂದಿಲ್ಲ, ಮತ್ತ ಬಹಳಷ್ಟು ಮಂದಿ ಆ ಹಂತಕ್ಕ ಹೋಗೂದೇ ಇಲ್ಲ. ಹಳೇ ಬಣ್ಣದ ಮ್ಯಾಲ ಪುಟ್ಟಿ, ಪುಟ್ಟಿ ಮ್ಯಾಲ ಹೊಸ ಬಣ್ಣ, ಮುಗೀತು. ಬಾಗಿಲಕ್ಕ, ಬಾನೆಟ್ಟಿಗೆ ಹಂಗ ಮಾಡ್ರಿ, ಯಾರೂ ಸಾಯೂದಿಲ್ಲ. ಗಾಲಿ ಬಾನೆಟ್ ಅಲ್ಲ. ಗಾಡಿಯ ತೂಕ, ಒಳಗ ಕುಂತವರ ತೂಕ, ತೆಗ್ಗಿನ ಹೊಡತ, ಬ್ರೇಕಿನ ಜಗ್ಗಾಟ, ಎಲ್ಲಾ ಆ ನಾಲ್ಕು ಬೋಲ್ಟಿನ ಸುತ್ತಲಿನ ಅಂಗೈಯಷ್ಟು ತಗಡಿನ ಮ್ಯಾಲೇ ಬರತೈತಿ.

3/9

"ಹಳೇ ಕಾಲದ ಕಬ್ಬಿಣ ಅದು, ಏನೂ ಆಗೂದಿಲ್ಲ." ಇದು ನಮ್ಮ ಹಿರಿಯರ ಮಾತು. ಗೌರವ ಇಟ್ಟುಕೊಂಡೇ ಹೇಳತೀನಿ, ಇದು ಅರ್ಧ ಖರೇ.

ಸ್ಟೀಲ್ ರಿಮ್ಮಿಗೆ ಒಂದು ದೊಡ್ಡ ಗುಣ ಐತಿ. ತೆಗ್ಗಿಗೆ ಬಿದ್ರ ಅದು ಬಹಳಮಟ್ಟಿಗೆ ಬಾಗತೈತಿ. ಅಲಾಯ್ ಚೂರಾಗೂ ಸಂಭವ ಹೆಚ್ಚು. ಆದ್ರ ಬಾಗೂದು ಬ್ಯಾರೆ, ದಣಿಯೂದು ಬ್ಯಾರೆ. ತಂತಿಯನ್ನ ಆ ಕಡೆ ಈ ಕಡೆ ಮಣಸಿ ಮಣಸಿ ಮುರಿಯೂದು ನಾವೆಲ್ಲ ಸಣ್ಣವರಿದ್ದಾಗ ಮಾಡೇವಿ. ಒಂದು ಸಲಕ್ಕ ಮುರಿಯೂದಿಲ್ಲ, ಇಪ್ಪತ್ತನೇ ಸಲಕ್ಕ ಪಟ್ ಅಂತೈತಿ. ಗಾಲಿಯ ನಡುವಿನ ತಟ್ಟಿಗೆ ಇದೇ ಆಟ, ಭಾಳ ಸಣ್ಣ ಪ್ರಮಾಣದಾಗ, ಪ್ರತಿ ಸುತ್ತಿಗೂ.

ಲೆಕ್ಕ ಹಾಕ್ರಿ. ಪದ್ಮಿನಿಯ ಟೈರು 5.20-14. ಒಂದು ಸುತ್ತಿಗೆ ಸುಮಾರು 1.9 ಮೀಟರ್ ಉರುಳತೈತಿ. ಅಂದ್ರ ಒಂದು ಕಿಲೋಮೀಟರಿಗೆ 500ಕ್ಕೂ ಹೆಚ್ಚು ಸುತ್ತು. 1 ಲಕ್ಷ ಕಿಲೋಮೀಟರ್ ಓಡಿದ ಗಾಡಿಯ ಗಾಲಿ 5 ಕೋಟಿ ಸಲ ಮಣದಿರತೈತಿ. ನಮ್ಮ ಕಾಕಾನ ಗಾಡಿಯ ಮೀಟರು ಎಷ್ಟು ಸಲ ಸೊನ್ನಿಗೆ ಹೊಳ್ಳಿ ಬಂದೈತೋ ಆ ದೇವರೇ ಬಲ್ಲ. ಅದರ ಮ್ಯಾಲ ನಮ್ಮ ರಸ್ತಾ.

ಇದು ಬರೀ ನಮ್ಮ ಹಳೇ ಗಾಡಿಗಳ ಕಥಿ ಅಲ್ಲ. 1959ರಲ್ಲಿ ಇಂಗ್ಲೆಂಡಿನಾಗ ಮಿನಿ ಕಾರ್ ಹೊಸದಾಗಿ ಬಂತು. ರೇಸಿಗೆ ಇಳಿಸಿದಾಗ ಹೊಚ್ಚ ಹೊಸ ಸ್ಟೀಲ್ ಗಾಲಿಗಳ ನಡುವಿನ ತಟ್ಟಿನೇ ಸೀಳಿತು. ಆಮೇಲೆ ಗಟ್ಟಿ ಗಾಲಿ ಮಾಡಿ ಕೊಟ್ಟರು. ಹೊಸ ಕಬ್ಬಿಣಾನೇ ದಣೀತೈತಿ ಅಂದಮ್ಯಾಲ ನಾಲ್ವತ್ತು ವರ್ಷ ದುಡದದ್ದು ದಣಿಯೂದಿಲ್ಲೇನು?

ಮತ್ತ ಹಿರಿಯರಿಗೇ ಹೊಳ್ಳಿ ಒಂದು ಮಾತು. ನಿಮ್ಮ ಕಾಲದಾಗ ಗಾಡಿ ಗಾಲಿಗೆ ಹಳಿ ಕಾಯಿಸಿ ಬಿಗಿಯೂ ಮುಂದ ಬಡಿಗ್ಯಾ ಒಂದೊಂದು ಆರಿ ಬಡದು ಸಪ್ಪಳ ಕೇಳ್ತಿದ್ದ ಅಂತ ನೀವೇ ಹೇಳೀರಿ. ಸಪ್ಪಳ ಸರಿ ಬರಲಿಲ್ಲ ಅಂದ್ರ ಎಣ್ಣಿ ಹಚ್ಚಿ ಮುಚ್ಚತಿರಲಿಲ್ಲ, ಆರಿ ತೆಗೆದು ಒಗೀತಿದ್ದ. ಎತ್ತಿನ ಗಾಡಿಗೆ ಅಷ್ಟು ನೋಡ್ತಿದ್ದವರು ಮೋಟಾರ್ ಗಾಡಿಗೆ ಯಾಕ ನೋಡೂದಿಲ್ಲ?

4/9

ಸರಿ, ನೋಡೂದು ಹೆಂಗ? ಇದು ಉದ್ದ ಐತಿ, ಆದ್ರ ಓದ್ರಿ.

ಬಿರುಕು ಸಿಕ್ಕ ಮ್ಯಾಲ ಸ್ಟೆಪ್ನಿ ಸೇರಿಸಿ ಐದೂ ಗಾಲಿ ಬಿಚ್ಚಿದ್ವಿ. ಟೈರು, ಟ್ಯೂಬು ಪೂರಾ ಹೊರಗ. ಟೈರ್ ಮ್ಯಾಲಿದ್ದಾಗ ರಿಮ್ ಚೆಕ್ ಮಾಡಿದೆ ಅನ್ನಾವ ಸುಳ್ಳು ಹೇಳಾಕತ್ತಾನ, ಯಾಕಂದ್ರ ಟೈರಿನ ಅಂಚು ಕೂಡೂ ಜಾಗ, ಒಳಗಿನ ತಗ್ಗು, ಅಲ್ಲೇ ನೀರು ನಿಂತು ಜಂಗು ತಿಂದಿರತೈತಿ. ಆಮೇಲೆ ಪೇಂಟ್ ರಿಮೂವರ್ ಹಚ್ಚಿ, ತಂತಿ ಬ್ರಶ್ಶಿನಿಂದ ತಿಕ್ಕಿ ಬೋಳು ಮಾಡಿದ್ವಿ. ಕೈಗವಸು, ಮಾಸ್ಕ್ ಹಾಕ್ಕೊಂಡು.

ಇಲ್ಲಿ ಒಂದು ಸಿಟ್ಟು ಕಾರಬೇಕು. ಹಳ್ಳದ ಉಸುಕು ಜರಡಿ ಹಿಡದು ಕಂಪ್ರೆಸರ್‌ಗೆ ಹಾಕಿ ಬ್ಲಾಸ್ಟಿಂಗ್ ಮಾಡೂ ಹುಡುಗರದಾರ, ಬಾಯಿಗೆ ಟವೆಲ್ ಕಟಗೊಂಡು. ಲೇ, ಆ ಧೂಳಿನಾಗ ಸಿಲಿಕಾ ಇರತೈತಿ. ಅದು ಪುಪ್ಪುಸದಾಗ ಕುಂತ್ರ ಹೊಳ್ಳಿ ಬರೂದಿಲ್ಲ. ಸಿಲಿಕೋಸಿಸ್ ಅನ್ನೋ ರೋಗ 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯೊಳಗೇ ಇತ್ತು. ರಿಮ್ಮಿನ ಜಂಗು ತೆಗೆಯಾಕ ನಿಮ್ಮ ಉಸಿರು ಕೊಡಬ್ಯಾಡ್ರಿ. ಆಸಿಡ್ ತೊಟ್ಟಿಯೊಳಗ ಮುಳುಗಸೂದೂ ಬ್ಯಾಡ. ರಿಮ್ಮು ಮತ್ತು ನಡುವಿನ ತಟ್ಟಿ ಕೂಡೂ ಸಂದಿಯೊಳಗ ಆಸಿಡ್ ಉಳಕೊಂಡು, ಮ್ಯಾಲ ಬಣ್ಣ ಹಚ್ಚಿದ ಮ್ಯಾಲೂ ಒಳಗ ತಿನಕೋತ ಹೋಗತೈತಿ.

ಬೋಳಾದ ಮ್ಯಾಲ ಬಿರುಕು ಹುಡುಕೂದು. ನನ್ನ ದೋಸ್ತ ಒಬ್ಬ ಬೆಳಗಾವಿ ಉದ್ಯಮಬಾಗದ ಫೌಂಡ್ರಿಯೊಳಗ ಕೆಲಸಕ್ಕ ಐದಾನ. ಅವ ಹೇಳಿಕೊಟ್ಟ ಪದ್ಧತಿ ಮೂರು ಡಬ್ಬಿಯದು: ಒಂದು ಕ್ಲೀನರ್, ಒಂದು ಕೆಂಪು ಬಣ್ಣ, ಒಂದು ಬಿಳಿ ಡೆವಲಪರ್. ಡೈ ಪೆನೆಟ್ರಂಟ್ ಅಂತಾರ. ಕ್ಲೀನರ್‌ನಿಂದ ಎಣ್ಣಿ ಜಿಡ್ಡು ತೆಗೆದು, ಕೆಂಪು ಹೊಡದು, ಡಬ್ಬಿ ಮ್ಯಾಲ ಬರದಷ್ಟು ಹೊತ್ತು ಬಿಡಬೇಕು. ಅದು ಕಣ್ಣಿಗೆ ಕಾಣದ ಸೀಳಿನೊಳಗೂ ಇಳೀತೈತಿ. ಮ್ಯಾಲಿನದು ಬಟ್ಟಿಯಿಂದ ಒರಸಿ ಬಿಳಿ ಹೊಡದ್ರ, ಸೀಳು ಇದ್ದಲ್ಲಿ ಕೆಂಪು ಹೊಳ್ಳಿ ಮ್ಯಾಲ ಬರತೈತಿ. ಬಿಳಿ ಗ್ವಾಡಿ ಮ್ಯಾಲ ರಗತದ ಗೆರಿ ಎಳದಂಗ. ಒರಸುವಾಗ ಕ್ಲೀನರ್ ಸೀದಾ ರಿಮ್ಮಿನ ಮ್ಯಾಲ ಹೊಡೀಬ್ಯಾಡ್ರಿ, ಸೀಳಿನೊಳಗಿನ ಬಣ್ಣಾನೂ ತೊಳದು ಹೋಗತೈತಿ. ನಾನು ಮೊದಲನೇ ಗಾಲಿಗೆ ಹಂಗೇ ಮಾಡಿ, ಹೊಳ್ಳಿ ಮೊದಲಿಂದ ಮಾಡಬೇಕಾತು.

ಡಬ್ಬಿಗೆ ರೊಕ್ಕ ಇಲ್ಲ ಅನ್ನಾವರಿಗೆ ಹಳೇ ದಾರಿಯೂ ಐತಿ. ಚಿಮಣಿ ಎಣ್ಣಿ ಹಚ್ಚಿ ತಾಸುಗಟ್ಟಲೆ ಬಿಟ್ಟು, ಒಣಾ ಒರಸಿ, ಚಾಕ್ ಪುಡಿ ಸಾರಿಸಿ, ಸಣ್ಣ ಸುತ್ತಿಗೆಯಿಂದ ತಟ್ಟಿದ್ರ ಸೀಳಿನಿಂದ ಎಣ್ಣಿ ಹೊರಗ ಬಂದು ಚಾಕ್ ಕಪ್ಪಾಗತೈತಿ. ರೈಲ್ವೆ ವರ್ಕ್‌ಶಾಪಿನವರು ಒಂದು ಕಾಲಕ್ಕ ಅಚ್ಚು, ಗಾಲಿ ಹಿಂಗೇ ನೋಡ್ತಿದ್ರು. ಇದು ದೊಡ್ಡ ಸೀಳು ತೋರಸತೈತಿ, ಸಣ್ಣದು ತಪ್ಪಬಹುದು. ಮತ್ತ ಬರೀ ತೂಗಹಾಕಿ ಬಡದು "ಗಂಟಿ ಸಪ್ಪಳ ಬಂತು, ಓಕೆ" ಅನ್ನೂದು ಸಾಲೂದಿಲ್ಲ. ಸಪ್ಪಳ ಸತ್ತಿತ್ತು ಅಂದ್ರ ರಿಮ್ ಕೆಟ್ಟೈತಿ ಅನ್ನಬಹುದು, ಸಪ್ಪಳ ಚಲೋ ಬಂತು ಅಂದ್ರ ರಿಮ್ ಚಲೋ ಐತಿ ಅನ್ನಾಕ ಬರೂದಿಲ್ಲ.

ಎಲ್ಲಿ ನೋಡಬೇಕು? ಬೋಲ್ಟ್ ತೂತಿನ ಅಂಚು, ಎರಡು ತೂತಿನ ನಡುವಿನ ಜಾಗ, ತಟ್ಟಿಯ ಗಾಳಿ ಕಿಂಡಿಗಳ ಮೂಲಿ, ತಟ್ಟಿ ಮತ್ತು ರಿಮ್ ಕೂಡೂ ವೆಲ್ಡಿಂಗ್. ಹಿಂದಿನ ಬಾಜೂ ಮರೀಬ್ಯಾಡ್ರಿ.

5/9

ಫಲಿತಾಂಶ. ಐದು ಗಾಲಿಯೊಳಗ ಮೂರು ಪಾಸು.

ನಾಲ್ಕನೇದು ಎರಡನೇ ಫೋಟೋದಾಗ ಕಂಡದ್ದು. ನಮ್ಮ ಕಣ್ಣಿಗೆ ಒಂದು ಬಿರುಕು ಕಂಡಿತ್ತು. ಕೆಂಪು ಬಣ್ಣಕ್ಕ ಮೂರು ಕಂಡವು. ಐದನೇದು, ಸ್ಟೆಪ್ನಿ, ಬಿರುಕಿಲ್ಲ. ಆದ್ರ ಗಾಡಿಗೆ ಹಚ್ಚಿ, ಜಾಕ್ ಏರಿಸಿ, ಬಾಜೂಕ ಒಂದು ಮೊಳಿ ನಿಲ್ಲಿಸಿ ತಿರಗಿಸಿದಾಗ ಅಂಚು ಒಂದು ಕಡೆ ಮೊಳಿಗೆ ತಾಗತೈತಿ, ಇನ್ನೊಂದು ಕಡೆ ಬೆರಳು ತೂರಸ್ತೈತಿ. ನಾವು ಇಟ್ಟುಕೊಂಡ ಗೆರಿ ಒಂದೂವರೆ ಮಿಲಿಮೀಟರ್. ಇದು ಅದರ ಮೂರು ಪಟ್ಟು ಇತ್ತು. ಯಾವದೋ ತೆಗ್ಗಿನ ಋಣ.

ಸ್ಟೆಪ್ನಿ ಅಂದ್ರ ತುರ್ತಿಗೆ ಹಾಕೂದು. ಎಲ್ಲಾಕಿಂತ ಕೆಟ್ಟ ಗಾಲಿನ ಯಾವಾಗಲೂ ಡಿಕ್ಕಿಯೊಳಗ ಕುಂತಿರತೈತಿ, ನಿಮ್ಮ ಮನ್ಯಾಗಿನ ಗಾಡಿ ಡಿಕ್ಕಿ ತೆಗೆದು ನೋಡ್ರಿ ಬೇಕಾದ್ರ.

6/9

ಬಿರುಕಿನ ಫೋಟೋ ಸ್ಟೋರಿಗೆ ಹಾಕಿದ ಕೂಡಲೇ ಬಂದ ಮೆಸೇಜು: "ವೆಲ್ಡಿಂಗ್ ಹೊಡಿಸು, ಐದು ನಿಮಿಷದ ಕೆಲಸ."

ಇಲ್ಲ. ಬೋಲ್ಟ್ ತೂತಿನ ಹತ್ತರ ಸೀಳಿದ ಗಾಲಿಗೆ ವೆಲ್ಡಿಂಗ್ ಇಲ್ಲ. ವೆಲ್ಡ್ ಮಾಡಿದ ಗೆರಿ ಗಟ್ಟಿ ಇರತೈತಿ, ಖರೇ. ಅದರ ಬಾಜೂಕ ಕಾಯ್ದು ಆರಿದ ಕಬ್ಬಿಣದ ಗುಣಾನೇ ಬದಲಾಗಿರತೈತಿ, ಮುಂದಿನ ಬಿರುಕು ಅಲ್ಲಿಂದ ಶುರು. ಮ್ಯಾಲ ಗ್ರೈಂಡ್ ಮಾಡಿ ಬಣ್ಣ ಹೊಡದ್ರ ಮುಂದ ಕೊಳ್ಳಾವಗೆ ಗೊತ್ತೇ ಆಗೂದಿಲ್ಲ. ನಾನು ಪುಟ್ಟಿಯಿಂದ ಮಾಡಿದ್ದನ್ನ ವೆಲ್ಡರ್ ರಾಡಿನಿಂದ ಮಾಡತಾನ, ಅಷ್ಟೇ ಫರಕು.

ಮತ್ತ ಇದು ಕಾರಿಗಿಂತ ನಮ್ಮ ಟ್ರೇಲರ್‌ಗಳಿಗೆ ಹೆಚ್ಚು ಲಾಗೂ ಆಗೂ ಮಾತು, ಸೀಸನ್‌ದಾಗ ಕಬ್ಬು ಹೊಡಿಯೂ ಅಣ್ಣಂದಿರು ಕೇಳಿಸಿಕೊಳ್ರಿ. ಗಾಳಿ ತುಂಬಿದ ಟೈರು ಮ್ಯಾಲಿರುವಾಗ ರಿಮ್ಮಿಗೆ ವೆಲ್ಡಿಂಗ್ ಹಚ್ಚೂದು, ನಟ್ ಜಾಮ್ ಆಗೈತಿ ಅಂತ ಗ್ಯಾಸ್ ಬತ್ತಿ ಹಿಡಿಯೂದು, ಇದು ಬಾಂಬ್ ಕಾಯಿಸಿದಂಗ. ಕಾಯ್ದ ರಬ್ಬರಿನಿಂದ ಉರಿಯೂ ಗ್ಯಾಸ್ ಹುಟ್ಟಿ, ಒಳಗಿನ ಗಾಳಿಯೊಡನ ಕೂಡಿ, ಕೆಲಸ ನಿಲ್ಲಿಸಿ ಸ್ವಲ್ಪ ಹೊತ್ತಾದ ಮ್ಯಾಲೂ ಸಿಡೀಬಹುದು. ಮೊದಲು ಗಾಳಿ ಬಿಟ್ಟು ಟೈರ್ ತೆಗೀರಿ. "ಹತ್ತು ವರ್ಷದಿಂದ ಹಿಂಗೇ ಮಾಡಾಕತ್ತೇನಿ" ಅನ್ನೂದು ಪುರಾವೆ ಅಲ್ಲ, ನಸೀಬು.

7/9

ಇನ್ನೊಂದು ಗುಂಪು: "ಹಳೇ ರಿಮ್ ತೆಗೆದು ಅಲಾಯ್ ಹಾಕಪ್ಪ, ಲುಕ್ ಬರತೈತಿ."

ಹಾಕ್ರಿ, ನಿಮ್ಮ ಗಾಡಿಗೆ ಕೂಡೂದಿದ್ರ. ಪದ್ಮಿನಿಯ ಬೋಲ್ಟಿನ ವರ್ತುಳ, ಪಿಸಿಡಿ ಅಂತೀವಲ್ಲ, 98 ಮಿಲಿಮೀಟರ್. ಅಂಗಡಿಯೊಳಗ ನಾಲ್ಕು ತೂತಿನ ಅಲಾಯ್ ಅಂತ ಹೆಚ್ಚಾಗಿ ಸಿಗೂದು 100ದು. "ಎರಡು ಮಿಲಿಮೀಟರ್ ಏನಾಗತೈತಿ, ಪಾನಾ ಹಾಕಿ ಬಿಗಿ, ಕೂಡತೈತಿ" ಅಂತಾರ. ಕೂಡತೈತಿ. ಒಂದು ಸೀದಾ ಕೂಡತೈತಿ, ಉಳಿದ ಮೂರು ವಾರಿ ಕೂಡತಾವ. ಬಿಗಿ ಆದಂಗ ಅನಸತೈತಿ, ನಾಲ್ಕು ದಿನಕ್ಕ ಸಡಿಲಾಗತಾವ, ಇಲ್ಲಾಂದ್ರ ಬೋಲ್ಟೇ ಮುರೀತೈತಿ. ಜೀಪಿಗೂ ಜಿಪ್ಸಿಗೂ ಐದು ತೂತು, ಎರಡಕ್ಕೂ 139.7, ಅಲ್ಲಿ ಅದಲಾಬದಲಿ ನಡೀತೈತಿ ಅಂತ ಎಲ್ಲಾ ಗಾಡಿಗೂ ನಡೀತೈತಿ ಅನಕೊಂಡವರು ಭಾಳ.

ಟ್ಯೂಬ್‌ಲೆಸ್ ಹುಚ್ಚಿಗೂ ಒಂದು ಮಾತು. ಈಗಿನ ರಿಮ್ಮಿನೊಳಗ ಟೈರಿನ ಅಂಚು ಜಾರದಂಗ ಒಂದು ಸಣ್ಣ ದಿಬ್ಬ ಇರತೈತಿ. ಟ್ಯೂಬ್ ಕಾಲದ ಹಳೇ ರಿಮ್ಮುಗಳಿಗೆ ಅದು ಸಾಮಾನ್ಯವಾಗಿ ಇರೂದಿಲ್ಲ. ಗಾಳಿ ಕಡಿಮಿ ಆಗಿ ತಿರುವಿನಾಗ ಒತ್ತು ಬಿದ್ರ ಅಂಚು ಒಳಗ ಜಾರಿ ಒಮ್ಮೆಲೇ ಗಾಳಿ ಹೋಗತೈತಿ. ಹಳೇ ರಿಮ್ಮು, ಟ್ಯೂಬು. ಅಷ್ಟೇ.

8/9

ಈಗ ನನ್ನದೇ ಗುಂಪಿನವರಿಗೆ, ಒರಿಜಿನಲ್ ಭಕ್ತರಿಗೆ.

ನಾನೂ ಒರಿಜಿನಲ್ ಪಕ್ಷದಾವ. 1964ರಲ್ಲಿ ಫಿಯಟ್ 1100 ಡಿಲೈಟ್ ಅಂತ ಬಂದು, 1974ರಿಂದ ಪದ್ಮಿನಿ ಆದ ಈ ಗಾಡಿಗೆ ಆ ತೆಳ್ಳನ ಸ್ಟೀಲ್ ಗಾಲಿ, ನಡುವ ಹೊಳಿಯೂ ಕಪ್ಪು, ಅದೇ ಚಂದ. ನಗಬ್ಯಾಡ್ರಿ, ಚೆನ್ನೈ ಹತ್ತರದ ಶೋಳಾವರಂ ರೇಸ್ ಟ್ರ್ಯಾಕಿನ ಮ್ಯಾಲ ಒಂದು ಕಾಲಕ್ಕ ಇವೇ ಫಿಯಟ್‌ಗಳು, ಸ್ಟ್ಯಾಂಡರ್ಡ್ ಹೆರಾಲ್ಡ್‌ಗಳು ಓಡ್ಯಾವ. ಆ ಹೆರಾಲ್ಡಿನ ಚಾಸಿಯನ್ನೇ ಗಿಡ್ಡ ಮಾಡಿ ಇಂಗ್ಲೆಂಡಿನವರು 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಅನ್ನೋ ಖರೇ ಸ್ಪೋರ್ಟ್ಸ್ ಕಾರ್ ಮಾಡಿದ್ರು. ಅಂದ್ರ ನಮ್ಮ ಮನಿ ಮುಂದಿನ ಡಬ್ಬಾ ಅಂತ ನೀವು ಅನ್ನೂ ಗಾಡಿಗಳಿಗೂ ಮನೆತನ ಐತಿ.

ಹೊರದೇಶದಾಗ ಹಳೇ ಪೋರ್ಷೆ ಇಟ್ಟವರು ತಮ್ಮ ಸ್ಟೀಲ್ ಗಾಲಿಯೊಳಗ ಒತ್ತಿದ ತಯಾರಕರ ಗುರುತು, ತಿಂಗಳು-ವರ್ಷದ ಅಚ್ಚು ಹುಡುಕಿ, ಗಾಡಿಯ ವರ್ಷಕ್ಕ ಹೊಂದೂ ಐದೂ ಗಾಲಿ ಕೂಡಿಸತಾರ. ಅದಕ್ಕ ಭಾರೀ ಬೆಲಿ. ಅಂಥಾ ಅಚ್ಚನ್ನ ನಾವು ಪುಟ್ಟಿಯೊಳಗ ಹೂಳತೀವಿ. ನಮ್ಮಲ್ಲಿ 2021ರಲ್ಲಿ ವಿಂಟೇಜ್ ಗಾಡಿಗಳ ನಿಯಮ ಬಂತು: 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು, ಹೊಸ ನೋಂದಣಿಗೆ 20,000 ರೂಪಾಯಿ. ಮೊದಮೊದಲಿನ ಪದ್ಮಿನಿಗಳು ಈಗ ಆ ವಯಸ್ಸಿಗೆ ಬಂದಾವ. ಹಂಗಾಗಿ ಒರಿಜಿನಲ್ ಅನ್ನೋ ಮಾತಿಗೆ ಈಗ ರೊಕ್ಕದ ವಾಸನಿ ಹತ್ತೈತಿ, ಮತ್ತ ಅಲ್ಲೇ ಮೋಸ ಶುರು.

ಸೀಳಿದ ಒರಿಜಿನಲ್ ಗಾಲಿ ಬಂಗಾರ ಅಲ್ಲ, ಭಂಗಾರ. ಅದನ್ನ "ಸಿಂಗಲ್ ಹ್ಯಾಂಡ್, ಕಂಪನಿ ರಿಮ್" ಅಂತ ಬಣ್ಣ ಹೊಡದು ಮಾರೂದು ಕಳ್ಳತನಕ್ಕಿಂತ ಕೆಟ್ಟದ್ದು. ಕಳ್ಳ ರೊಕ್ಕಾ ಅಷ್ಟೇ ಒಯ್ತಾನ.

9/9

ಪಾಸಾದ ಮೂರಕ್ಕ ಬಣ್ಣ ಹಚ್ಚಿದ್ದು ಕೊನೀಗೆ, ಎಲ್ಲಾಕಿಂತ ಕಡಿಮಿ ಹೊತ್ತು ತಿಂದ ಕೆಲಸ. ಎಪಾಕ್ಸಿ ಪ್ರೈಮರ್, ಅದರ ಮ್ಯಾಲ ಎರಡು ಕೈ ಬಣ್ಣ. ಪುಟ್ಟಿ ಒಂದು ಚಮಚಾನೂ ಇಲ್ಲ. ಕಲಿ ಇದ್ದಲ್ಲಿ ಕಲಿ ಕಾಣ್ಲಿ. ಒಂದು ಎಚ್ಚರಿಕೆ: ಬೋಲ್ಟ್ ಕೂಡೂ ಕುಳಿ ಮತ್ತು ಹಬ್ಬಿಗೆ ತಾಗೂ ಹಿಂದಿನ ಮೈಗೆ ಟೇಪ್ ಹಚ್ಚಿ ಬಿಟ್ವಿ, ಅಲ್ಲಿ ಪ್ರೈಮರ್‌ನ ತೆಳ್ಳನ ಪದರ ಮಾತ್ರ. ಅಲ್ಲಿ ದಪ್ಪ ಬಣ್ಣ ಅಥವಾ ಪೌಡರ್ ಕೋಟಿಂಗ್ ಇದ್ರ ಬಿಗಿದ ಮ್ಯಾಲ ಅದು ಜಜ್ಜಿ ತೆಳ್ಳಗಾಗತೈತಿ, ಬೋಲ್ಟ್ ತಾನಾಗೇ ಸಡಿಲ. ಎದುರುಬದುರು ಬಿಗಿದು, ನೂರು ಕಿಲೋಮೀಟರಿನೊಳಗ ಹೊಳ್ಳಿ ಬಿಗಿ ನೋಡಿದ್ವಿ. ಒಂದು ಕಾಲು ಸುತ್ತು ತಗೊಂತು.

ಕಡಿಮಿ ಬಿದ್ದ ಎರಡು ಗಾಲಿಗೆ ಕೊಲ್ಹಾಪುರ ಗುಜರಿ ತಿರಗಿದ್ವಿ. ಮುಂಬೈಯ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಕ್ಕ ಪೂರಾ ನಿಂತ ಮ್ಯಾಲ ಬಿಡಿಭಾಗ ಎಲ್ಲೆಲ್ಲೋ ಹರದು ಹೋಗ್ಯಾವ. ಆರು ಗಾಲಿ ತೋರಿಸಿದ್ರು, ಆರೂ ಹೊಸ ಸಿಲ್ವರ್ ಬಣ್ಣ. "ಬಣ್ಣ ಕೆರೀತೀನಿ, ಆಮೇಲೆ ರೊಕ್ಕ" ಅಂದೆ. ಇಬ್ಬರು ಅಂಗಡಿಯವರು ಎದ್ದು ಹೋಗು ಅಂದ್ರು. ಮೂರನೇದಾವ ಕೆರಿಯಾಕ ಬಿಟ್ಟ. ಅವನ ಹಂತ್ಯಾಕ ತಗೊಂಡ ಎರಡನ್ನೂ ಊರಿಗೆ ತಂದು ಹೊಳ್ಳಿ ಕೆಂಪು-ಬಿಳಿ ಮಾಡಿ ನೋಡಿದ ಮ್ಯಾಲೇ ಹಾಕಿದ್ದು. ಈ ಪೋಸ್ಟಿನ ಮೂರನೇ ಫೋಟೋದಿಂದ ಏಳನೇದರ ತನಕ ಐದೂ ಗಾಲಿಯ ಬೋಳು ಫೋಟೋ ಅದಾವ, ಜೂಮ್ ಮಾಡಿ ನೋಡ್ರಿ.

ಹಳೇ ರೀಲು ತೆಗೆದಿಲ್ಲ. ಪಿನ್ ಮಾಡೇನಿ, ಬಾಜೂಕ ಬಿರುಕಿನ ಫೋಟೋ ಇಟ್ಟೇನಿ.

ಸೀಳಿದ ಗಾಲಿ ಭಂಗಾರಕ್ಕ ಹಾಕಾಕ ಕಾಕಾ ಒಪ್ಪಲಿಲ್ಲ. ಅಜ್ಜ ಕೊಂಡ ಗಾಡಿ, ಅಜ್ಜನ ಕಾಲದ ಗಾಲಿ. ಇಡೀ ಹಾಕಿದ್ರ ಯಾರೋ ತಗೊಂಡು ಬಣ್ಣ ಹೊಡದು ಮಾರತಾರ ಅಂತ ನನಗೂ ಹೆದರಿಕಿ. ಅದಕ್ಕ ಗ್ಯಾಸ್ ಕಟರ್‌ನಿಂದ ಎರಡು ತುಂಡು ಮಾಡಿಸಿದ್ವಿ. ಒಂದು ತುಂಡು ಭಂಗಾರಕ್ಕ ಹೋತು. ಇನ್ನೊಂದನ್ನ ಕಾಕಾ ದನದ ಕೊಟ್ಟಿಗಿ ಗ್ವಾಡಿಗೆ ಮೊಳಿ ಹೊಡದು ಹಗ್ಗ ತೂಗಹಾಕಾಕ ಮಾಡ್ಯಾನ. ನಾನು ಅದಕ್ಕೊಂದು ಕೈ ಪ್ರೈಮರ್ ಹೊಡೀಲ್ಯಾ ಅಂದ್ರ, "ಮುಟ್ಟಬ್ಯಾಡ ಅದನ್ನ" ಅಂದ.

#ಪಾಲಬಾವಿ #ಪದ್ಮಿನಿ #ನಡುವಿನಫೋಟೋ